ಖಾಸಗಿ ವಿಳಾಸ, ಅಮಾನತಾದ ಖಾತೆ: ಟ್ವಿಟರಿನ ಒಂದು ನಿಯಮದ ಚರಿತ್ರೆ

ಒಬ್ಬ ವ್ಯಕ್ತಿಯ ಮನೆಯ ವಿಳಾಸ, ದೂರವಾಣಿ ಸಂಖ್ಯೆ, ಗುರುತಿನ ಚೀಟಿಯ ಸಂಖ್ಯೆ ಅಥವಾ ಗುಪ್ತನಾಮದ ಹಿಂದಿರುವ ನಿಜ ಹೆಸರನ್ನು ಆತನ ಒಪ್ಪಿಗೆಯಿಲ್ಲದೆ, ಬಹುಮಟ್ಟಿಗೆ ಆತನಿಗೆ ತೊಂದರೆಯಾಗಲೆಂದೇ ಅಂತರ್ಜಾಲದಲ್ಲಿ ಬಯಲುಮಾಡುವುದಕ್ಕೆ ಡಾಕ್ಸಿಂಗ್ ಎಂದು ಹೆಸರು. 1990ರ ದಶಕದ ಹ್ಯಾಕರ್ ಬಳಗಗಳಲ್ಲಿ ಈ ರೂಢಿ ಸೇಡಿನ ಸಾಧನವಾಗಿ ಬಳಕೆಗೆ ಬಂತು. ಗುಪ್ತನಾಮವೇ ರಕ್ಷೆಯಾಗಿದ್ದ ಆ ಲೋಕದಲ್ಲಿ ಎದುರಾಳಿಯ ಅಸಲಿ ದಾಖಲೆಗಳನ್ನು ಹೊರಗೆಡಹುವುದೆಂದರೆ ಅವನನ್ನು ಪೊಲೀಸರ ಕೈಗೊಪ್ಪಿಸಿದಂತೆಯೇ ಆಗುತ್ತಿತ್ತು. ಅಂತರ್ಜಾಲ ಜನಸಾಮಾನ್ಯರ ಕೈಗೆ ಬಂದ ಮೇಲೆ ಈ ಅಸ್ತ್ರವೂ ಅವರ ಕೈಗೆ ಬಂತು. ಅದನ್ನು ತಡೆಯಲು ಸಾಮಾಜಿಕ ಜಾಲತಾಣಗಳು ನಿಯಮಗಳನ್ನು ಬರೆದವು, ನಿಯಮ ಮುರಿದವರ ಖಾತೆಗಳನ್ನು ಕೆಲ ಗಂಟೆಗಳಿಗೋ ಶಾಶ್ವತವಾಗಿಯೋ ಅಮಾನತಿನಲ್ಲಿಟ್ಟವು. ಇಂಥ ನಿಯಮಗಳ ಪೈಕಿ ಲೋಕದ ಗಮನವನ್ನು ಮತ್ತೆ ಮತ್ತೆ ಸೆಳೆದದ್ದು 2023ರ ಜುಲೈನಿಂದ ಎಕ್ಸ್ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಟ್ವಿಟರಿನ ನಿಯಮ. ಬಯಲಾದ ಮಾಹಿತಿ ಎಂಥದು ಎಂಬ ಪ್ರಶ್ನೆಗಿಂತ, ದೂರು ಹೊತ್ತು ಬಂದವರು ಯಾರು ಎಂಬ ಪ್ರಶ್ನೆಯೇ ಆ ನಿಯಮದ ಬಳಕೆಯನ್ನು ಎಷ್ಟೋ ಸಲ ನಿರ್ಧರಿಸಿದೆ ಎಂಬುದು ಅದರ ಹದಿನೈದು ವರ್ಷಗಳ ಚರಿತ್ರೆಯನ್ನು ಕ್ರಮವಾಗಿ ನೋಡಿದಾಗ ಕಂಡುಬರುತ್ತದೆ.

ವಿಳಾಸವೆಂಬುದು ಹುಟ್ಟಿನಿಂದಲೇ ಗುಟ್ಟಿನ ವಸ್ತುವಾಗಿರಲಿಲ್ಲ. ಊರಿನ ಚಂದಾದಾರರ ಹೆಸರು, ಮನೆ ಸಂಖ್ಯೆ, ಬೀದಿಗಳನ್ನು ಅಕಾರಾದಿಯಾಗಿ ಅಚ್ಚುಹಾಕಿದ ದಪ್ಪನೆಯ ಟೆಲಿಫೋನ್ ಡೈರೆಕ್ಟರಿ ಅಂಗಡಿಯ ಗಲ್ಲಾದ ಪಕ್ಕದಲ್ಲಿಯೂ ಕಚೇರಿಯ ಮೇಜಿನ ಮೇಲೂ ಬಿದ್ದಿರುತ್ತಿದ್ದ ಕಾಲದಲ್ಲಿ ಅದರಲ್ಲಿ ಹೆಸರಿರುವುದು ಪ್ರತಿಷ್ಠೆಯ ಗುರುತೇ ಆಗಿತ್ತು. ಅದೇ ವಿಳಾಸ ಒಂದು ಆರೋಪದ ಪಕ್ಕದಲ್ಲಿ ನಿಂತಾಗ ಏನಾಗುತ್ತದೆ ಎಂಬುದನ್ನು ಅಮೆರಿಕದ ನ್ಯಾಯಾಲಯವೊಂದು ಟ್ವಿಟರ್ ಹುಟ್ಟುವುದಕ್ಕೂ ಮೊದಲೇ ಪರಿಶೀಲಿಸಬೇಕಾಯಿತು. ಗರ್ಭಪಾತದ ವಿರೋಧಿಗಳು 1997ರಲ್ಲಿ ಆರಂಭಿಸಿದ ‘ನ್ಯೂರೆಂಬರ್ಗ್ ಫೈಲ್ಸ್’ ಎಂಬ ಜಾಲತಾಣದಲ್ಲಿ ಗರ್ಭಪಾತ ಮಾಡಿಸುವ ವೈದ್ಯರ ಹೆಸರುಗಳ ಪಟ್ಟಿಯಿತ್ತು. ಕೊಲೆಯಾದವರ ಹೆಸರಿನ ಮೇಲೆ ಅಡ್ಡಗೆರೆ ಎಳೆಯಲಾಗುತ್ತಿತ್ತು, ಗಾಯಗೊಂಡವರ ಹೆಸರನ್ನು ಬೂದು ಬಣ್ಣಕ್ಕೆ ತಿರುಗಿಸಲಾಗುತ್ತಿತ್ತು. 1998ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ವೈದ್ಯ ಬಾರ್ನೆಟ್ ಸ್ಲೆಪಿಯನ್ ಅವರ ಹತ್ಯೆಯಾದಾಗ ಅವರ ಹೆಸರಿಗೂ ಅಡ್ಡಗೆರೆ ಬಿತ್ತು. 1999ರಲ್ಲಿ ಪೋರ್ಟ್‌ಲೆಂಡಿನ ಜ್ಯೂರಿ ಈ ತಾಣವನ್ನೂ ಅದರ ಜೊತೆಗಿನ ಭಿತ್ತಿಪತ್ರಗಳನ್ನೂ ಬೆದರಿಕೆಯೆಂದು ಪರಿಗಣಿಸಿ ಹತ್ತು ಕೋಟಿ ಡಾಲರಿಗೂ ಮೀರಿದ ಪರಿಹಾರ ವಿಧಿಸಿತು. ನಡುವೆ ತಿರಸ್ಕೃತವಾದ ಆ ತೀರ್ಪಿನ ಮುಖ್ಯ ಭಾಗವನ್ನು 2002ರಲ್ಲಿ ಒಂಬತ್ತನೆಯ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯದ ವಿಸ್ತೃತ ಪೀಠ ಅತ್ಯಲ್ಪ ಬಹುಮತದಿಂದ ಎತ್ತಿಹಿಡಿಯಿತು. ‘ಕೊಲ್ಲಿರಿ’ ಎಂಬ ಮಾತು ಎಲ್ಲಿಯೂ ಇಲ್ಲದಿದ್ದರೂ, ಸಂದರ್ಭದ ಬಲದಿಂದ ಬರಿಯ ಹೆಸರೇ ಬೆದರಿಕೆಯಾಗಬಲ್ಲದು ಎಂಬ ತತ್ವ ಅಲ್ಲಿ ಸ್ಥಾಪಿತವಾಯಿತು.

2006ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಆರಂಭವಾದ ಟ್ವಿಟರ್ ಇಂಥ ತತ್ವಚರ್ಚೆಯ ಗೋಜಿಗೆ ಹೋಗಲಿಲ್ಲ. ಬಳಕೆದಾರರು ಬರೆದುದಕ್ಕೆ ತಾಣವನ್ನು ಹೊಣೆಗಾರನನ್ನಾಗಿ ಮಾಡಬಾರದು, ಸದುದ್ದೇಶದಿಂದ ತೆಗೆದುಹಾಕಿದ್ದಕ್ಕೂ ಅದನ್ನು ದಂಡಿಸಬಾರದು ಎಂದು ಹೇಳುವ 1996ರ ಅಮೆರಿಕದ ಕಾಯಿದೆಯ 230ನೆಯ ಕಲಮು ಅದರ ಬೆನ್ನಿಗಿತ್ತು; ಹಾಗಾಗಿ ಇಟ್ಟರೂ ತೆಗೆದರೂ ಕಂಪನಿಗೆ ಕೇಡಿರಲಿಲ್ಲ. 2008ರಲ್ಲಿ ಬಳಕೆದಾರರೊಬ್ಬರು ತಮಗೆ ಆಗುತ್ತಿದ್ದ ಕಿರುಕುಳದ ಬಗ್ಗೆ ದೂರು ಕೊಟ್ಟಾಗ, ತಾನು ಸಂದೇಶ ಸಾಗಿಸುವ ಸೇವೆಯೇ ಹೊರತು ಜಗಳ ಬಗೆಹರಿಸುವ ಪಂಚಾಯಿತಿಯಲ್ಲ ಎಂಬ ಅರ್ಥದ ಉತ್ತರ ಕಂಪನಿಯಿಂದ ಬಂತು. ಆದರೂ 2009ರ ಜನವರಿಯಲ್ಲಿ ಮೊದಲ ಸಲ ‘ಟ್ವಿಟರ್ ನಿಯಮಗಳು’ ಎಂಬ ಚಿಕ್ಕ ಪುಟ ಪ್ರಕಟವಾದಾಗ ಅದರಲ್ಲಿ ಖಾಸಗಿತನಕ್ಕೆ ಒಂದು ವಾಕ್ಯ ಮೀಸಲಾಗಿತ್ತು: ಇತರರ ಕ್ರೆಡಿಟ್ ಕಾರ್ಡ್ ಸಂಖ್ಯೆ, ಮನೆಯ ವಿಳಾಸ, ರಾಷ್ಟ್ರೀಯ ಗುರುತಿನ ಸಂಖ್ಯೆಗಳಂಥ ಖಾಸಗಿ ಮತ್ತು ಗೌಪ್ಯ ಮಾಹಿತಿಯನ್ನು ಅವರ ಸ್ಪಷ್ಟ ಅನುಮತಿಯಿಲ್ಲದೆ ಪ್ರಕಟಿಸುವಂತಿಲ್ಲ. ಮುಂದೆ ನಡೆದದ್ದೆಲ್ಲ ಈ ಒಂದು ವಾಕ್ಯದ ಹಿಗ್ಗುವಿಕೆಯೇ.

ವಾಕ್ಯದ ದೌರ್ಬಲ್ಯ ಬಯಲಾದದ್ದು 2012ರ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ. ಅಮೆರಿಕದಲ್ಲಿ ಪ್ರಸಾರದ ಹಕ್ಕು ಪಡೆದಿದ್ದ ಎನ್‌ಬಿಸಿ ವಾಹಿನಿ ಜುಲೈ 27ರ ಉದ್ಘಾಟನಾ ಸಮಾರಂಭವನ್ನು ನೇರವಾಗಿ ತೋರಿಸದೆ, ಜಾಹೀರಾತಿಗೆ ಅನುಕೂಲವಾದ ರಾತ್ರಿಯ ಹೊತ್ತಿಗೆ ತಡಮಾಡಿ ತೋರಿಸಿತು. ಇದರಿಂದ ರೇಗಿದ, ಬ್ರಿಟನ್ನಿನ ‘ದಿ ಇಂಡಿಪೆಂಡೆಂಟ್’ ಪತ್ರಿಕೆಯ ಲಾಸ್ ಏಂಜಲಿಸ್ ವರದಿಗಾರ ಗೈ ಆಡಮ್ಸ್ ಸರಣಿ ಟ್ವೀಟುಗಳಲ್ಲಿ ವಾಹಿನಿಯನ್ನು ತರಾಟೆಗೆ ತೆಗೆದುಕೊಂಡು, ಅದರ ಒಲಿಂಪಿಕ್ಸ್ ವಿಭಾಗದ ಅಧ್ಯಕ್ಷರ ಇ-ಮೇಲ್ ವಿಳಾಸವನ್ನು ಕೊಟ್ಟು, ನಿಮ್ಮ ಅಸಮಾಧಾನವನ್ನು ಅವರಿಗೇ ತಿಳಿಸಿ ಎಂದು ಓದುಗರಿಗೆ ಹೇಳಿದರು. ಸ್ವಲ್ಪದರಲ್ಲೇ ಅವರ ಖಾತೆ ಅಮಾನತಾಯಿತು. ಖಾಸಗಿ ಮಾಹಿತಿಯ ನಿಯಮವನ್ನು ಕಾರಣವಾಗಿ ಕೊಡಲಾಯಿತು. ಆದರೆ ಆ ವಿಳಾಸ ಕಂಪನಿಯ ಕೆಲಸಕ್ಕೆ ಸೇರಿದ್ದಾಗಿತ್ತು, ಆ ಕಂಪನಿಯ ನೌಕರರ ವಿಳಾಸಗಳೆಲ್ಲ ಒಂದೇ ಮಾದರಿಯಲ್ಲಿದ್ದುದರಿಂದ ಯಾರೂ ಊಹಿಸಬಹುದಾಗಿತ್ತು, ಮೇಲಾಗಿ ಅದು ಒಂದು ವರ್ಷದ ಹಿಂದೆಯೇ ಅಂತರ್ಜಾಲದಲ್ಲಿ ಪ್ರಕಟವಾಗಿತ್ತು. ಈಗಾಗಲೇ ಬೇರೆಡೆ ಬಹಿರಂಗವಾಗಿರುವ ಮಾಹಿತಿಯನ್ನು ಹಂಚಿಕೊಂಡರೆ ಉಲ್ಲಂಘನೆಯಾಗದು ಎಂದು ಟ್ವಿಟರಿನ ವಿವರಣೆಯೇ ಹೇಳುತ್ತಿತ್ತು.

ಆ ಪ್ರಕರಣದಲ್ಲಿ ಅಮಾನತಿಗಿಂತಲೂ ಹೆಚ್ಚು ಕಿವಿ ನಿಮಿರಿಸಿದ ಸಂಗತಿ ಇನ್ನೊಂದು. ಟ್ವೀಟಿನ ವಿಷಯವನ್ನು ಎನ್‌ಬಿಸಿಗೆ ತಿಳಿಸಿ, ದೂರು ಕೊಡುವ ದಾರಿಯನ್ನು ತೋರಿಸಿಕೊಟ್ಟವರು ಟ್ವಿಟರಿನ ಸಿಬ್ಬಂದಿಯೇ ಆಗಿದ್ದರು; ಒಲಿಂಪಿಕ್ಸ್ ಪ್ರಸಾರಕ್ಕಾಗಿ ಎರಡು ಕಂಪನಿಗಳೂ ಆಗ ವ್ಯಾಪಾರದ ಪಾಲುದಾರರಾಗಿದ್ದವು. ಲೋಕವೆಲ್ಲ ನಗಾಡತೊಡಗಿದಾಗ ಎನ್‌ಬಿಸಿ ದೂರನ್ನು ಹಿಂತೆಗೆದುಕೊಂಡಿತು, ಜುಲೈ 31ರಂದು ಖಾತೆ ಮರಳಿತು. ಟ್ವಿಟರಿನ ಕಾನೂನು ವಿಭಾಗದ ಮುಖ್ಯಸ್ಥ ಅಲೆಕ್ಸ್ ಮ್ಯಾಕ್‌ಗಿಲಿವ್ರೆ ಕ್ಷಮೆ ಕೇಳಿದರು. ಅವರು ಕ್ಷಮೆ ಕೇಳಿದ್ದು ಸಿಬ್ಬಂದಿ ತಾವಾಗಿ ಮುಂದೆ ಬಿದ್ದು ಪಾಲುದಾರರಿಗೆ ಸುದ್ದಿ ಮುಟ್ಟಿಸಿದ್ದಕ್ಕೆ. ನಿಯಮವನ್ನು ಆ ಟ್ವೀಟಿಗೆ ಅನ್ವಯಿಸಿದ್ದು ಸರಿಯೇ ತಪ್ಪೇ ಎಂಬ ಮೂಲ ಪ್ರಶ್ನೆ ಹಾಗೆಯೇ ಉಳಿಯಿತು. ದೂರು ಬಂದಾಗ ಮುಚ್ಚಿ, ದೂರು ಹೋದಾಗ ತೆರೆಯುವ ಈ ಪದ್ಧತಿಗೆ ನ್ಯಾಯವಿಚಾರಣೆಯ ಲಕ್ಷಣ ಯಾವುದೂ ಇರಲಿಲ್ಲ.

ದೊಡ್ಡ ಕಂಪನಿಯ ಅಧಿಕಾರಿಗೆ ಇಷ್ಟು ಬೇಗ ದೊರೆತ ರಕ್ಷಣೆ ಸಾಮಾನ್ಯರಿಗೆ ದೊರೆಯಲು ವರ್ಷಗಳೇ ಬೇಕಾದವು. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಓಟದಲ್ಲಿ ಬಾಂಬ್ ಸಿಡಿದ ಮೇಲೆ ರೆಡಿಟ್ ಮತ್ತು ಟ್ವಿಟರುಗಳಲ್ಲಿ ಸ್ವಯಂಘೋಷಿತ ಪತ್ತೇದಾರರು ಕಾಣೆಯಾಗಿದ್ದ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬನನ್ನು ಅಪರಾಧಿಯೆಂದು ಹೆಸರಿಸಿದರು. ಆತನಿಗೂ ಸ್ಫೋಟಕ್ಕೂ ಏನೇನೂ ಸಂಬಂಧವಿರಲಿಲ್ಲ, ಕೆಲ ದಿನಗಳಲ್ಲಿ ಆತನ ಶವ ಸಿಕ್ಕಿತು, ರೆಡಿಟ್ ಆ ಕುಟುಂಬದ ಕ್ಷಮೆ ಕೇಳಿತು. ಮರುವರ್ಷ ‘ಗೇಮರ್‌ಗೇಟ್’ ಎಂದು ಹೆಸರಾದ ಹಗೆಯ ಅಭಿಯಾನದಲ್ಲಿ ವಿಡಿಯೊ ಗೇಮ್ ಕ್ಷೇತ್ರದ ಜೋಯಿ ಕ್ವಿನ್, ಅನಿತಾ ಸರ್ಕೀಸಿಯನ್, ಬ್ರಿಯಾನಾ ವೂ ಮೊದಲಾದವರು ವಿಳಾಸ ಬಯಲಾಗಿ, ಕೊಲೆ ಬೆದರಿಕೆಗಳು ಬಂದು, ಮನೆ ಬಿಟ್ಟು ತೆರಳಬೇಕಾಯಿತು. ಆಗ ‘ವಿಮೆನ್, ಆ್ಯಕ್ಷನ್ ಅಂಡ್ ದಿ ಮೀಡಿಯಾ’ ಎಂಬ ಮಹಿಳಾ ಸಂಘಟನೆ 2014ರ ನವೆಂಬರಿನಲ್ಲಿ ಟ್ವಿಟರಿನ ಒಪ್ಪಿಗೆ ಪಡೆದು ಮೂರು ವಾರ ಸಂತ್ರಸ್ತರ ಪರವಾಗಿ ದೂರುಗಳನ್ನು ಸಂಗ್ರಹಿಸಿ ಸಲ್ಲಿಸಿತು. ಅದರ ವರದಿಯಲ್ಲಿ ಬಯಲಾದ ಒಂದು ವಿವರ ಇಡೀ ವ್ಯವಸ್ಥೆಯ ಸ್ವರೂಪವನ್ನೇ ತಿಳಿಸುತ್ತದೆ. ಕಿರುಕುಳ ಕೊಡುವವರು ವಿಳಾಸವನ್ನು ಟ್ವೀಟ್ ಮಾಡಿ, ನೋಡಬೇಕಾದವರು ನೋಡಿ ನಕಲು ಮಾಡಿಕೊಂಡ ಮೇಲೆ ತಾವೇ ಅಳಿಸಿಬಿಡುತ್ತಿದ್ದರು. ಟ್ವಿಟರ್ ದೂರಿನ ಜೊತೆ ಟ್ವೀಟಿನ ಕೊಂಡಿಯನ್ನೇ ಕೇಳುತ್ತಿತ್ತು, ಸ್ಕ್ರೀನ್‌ಶಾಟನ್ನು ಸಾಕ್ಷ್ಯವೆಂದು ಒಪ್ಪುತ್ತಿರಲಿಲ್ಲ. ಅಂದರೆ ಅಪರಾಧಿ ತನ್ನ ಗುರುತನ್ನು ತಾನೇ ಒರೆಸಿಹೋದರೆ ದೂರು ಕೊಡಲು ದಾರಿಯೇ ಇರಲಿಲ್ಲ.

ಕಿರುಕುಳವನ್ನು ನಿಭಾಯಿಸುವುದರಲ್ಲಿ ಕಂಪನಿ ತೀರಾ ಕೆಟ್ಟದಾಗಿದೆ ಎಂದು ಮುಖ್ಯ ಕಾರ್ಯನಿರ್ವಾಹಕ ಡಿಕ್ ಕಾಸ್ಟೊಲೊ ಸಿಬ್ಬಂದಿಗೆ ಬರೆದ ಒಳಟಿಪ್ಪಣಿ 2015ರ ಫೆಬ್ರವರಿಯಲ್ಲಿ ಸೋರಿಕೆಯಾಯಿತು. ಅದೇ ತಿಂಗಳು ಖಾಸಗಿ ಮಾಹಿತಿ ಹಂಚಿದ ದೂರನ್ನು ಸಂತ್ರಸ್ತರಲ್ಲದವರೂ ಕೊಡಬಹುದಾದ ವ್ಯವಸ್ಥೆ ಬಂತು. ಮಾರ್ಚಿನಲ್ಲಿ ಒಪ್ಪಿಗೆಯಿಲ್ಲದೆ ಹಂಚಿದ ನಗ್ನಚಿತ್ರಗಳೂ ನಿಷೇಧದ ವ್ಯಾಪ್ತಿಗೆ ಸೇರಿದವು.

ಶಿಕ್ಷೆಯ ವಿಧಾನವೂ ಈ ವರ್ಷಗಳಲ್ಲಿ ಒಂದು ರೂಪ ಪಡೆಯಿತು. ಅಮಾನತು ಎಂಬ ಒಂದೇ ಮಾತಿನಡಿ ವಾಸ್ತವದಲ್ಲಿ ಎರಡು ಬೇರೆ ಬೇರೆ ಕ್ರಮಗಳಿದ್ದವು: ಖಾತೆಯೇ ಪರದೆಯಿಂದ ಮಾಯವಾಗುವ ಪೂರ್ಣ ಅಮಾನತು ಮತ್ತು ಖಾತೆ ಕಾಣುತ್ತಿದ್ದರೂ ಮಾಲೀಕನಿಗೆ ಏನನ್ನೂ ಬರೆಯಲಾಗದ ಬೀಗಮುದ್ರೆ. ಬೀಗ ಹಾಕಿಸಿಕೊಂಡವನ ಪರದೆಯ ಮೇಲೆ ತಪ್ಪಿತಸ್ಥ ಟ್ವೀಟೂ ಅದನ್ನು ಅಳಿಸುವ ಗುಂಡಿಯೂ ಕಾಣಿಸುತ್ತಿದ್ದವು. ಅಳಿಸಿದರೆ ನಿಯಮ ಮುರಿದೆನೆಂದು ಒಪ್ಪಿಕೊಂಡಂತೆ, ಶಿಕ್ಷೆಯ ಗಡುವು ಆ ಕ್ಷಣದಿಂದ ಎಣಿಕೆಯಾಗುತ್ತಿತ್ತು. ಅಳಿಸದೆ ಮೇಲ್ಮನವಿ ಸಲ್ಲಿಸಿದರೆ ಉತ್ತರ ಬರುವ ತನಕ ಬಾಯಿಗೆ ಬೀಗ. 2020ರ ಅಕ್ಟೋಬರ್ 14ರಂದು, ಅಧ್ಯಕ್ಷೀಯ ಚುನಾವಣೆಗೆ ಮೂರು ವಾರವಿರುವಾಗ, ಅಭ್ಯರ್ಥಿ ಜೋ ಬೈಡನ್ ಅವರ ಮಗನ ಲ್ಯಾಪ್‌ಟಾಪಿನಿಂದ ಬಂದವೆನ್ನಲಾದ ಕಡತಗಳನ್ನು ‘ನ್ಯೂಯಾರ್ಕ್ ಪೋಸ್ಟ್’ ಪ್ರಕಟಿಸಿದಾಗ, ಹ್ಯಾಕ್ ಮಾಡಿದ ಸಾಮಗ್ರಿ ಎಂದೂ ಚಿತ್ರಗಳಲ್ಲಿ ಇ-ಮೇಲ್ ವಿಳಾಸ, ದೂರವಾಣಿ ಸಂಖ್ಯೆಗಳು ಕಾಣುತ್ತವೆ ಎಂದೂ ಟ್ವಿಟರ್ ಆ ವರದಿಯ ಕೊಂಡಿಯನ್ನು ತಡೆದು ಪತ್ರಿಕೆಯ ಖಾತೆಗೆ ಬೀಗ ಹಾಕಿತು. ಎರಡೇ ದಿನಗಳಲ್ಲಿ ಹ್ಯಾಕ್ ಸಾಮಗ್ರಿಯ ನಿಯಮ ಬದಲಾಯಿತು. ಹಳೆಯ ನಿಯಮದಡಿ ಹಾಕಿದ ಬೀಗ ಮಾತ್ರ ಹಾಗೇ ಉಳಿಯಿತು, ಏಕೆಂದರೆ ಪತ್ರಿಕೆ ಟ್ವೀಟುಗಳನ್ನು ಅಳಿಸಲು ಒಪ್ಪಲಿಲ್ಲ. ಅಳಿಸು ಎಂದು ಕಂಪನಿ, ಅಳಿಸೆನು ಎಂದು ಪತ್ರಿಕೆ, ಹೀಗೆ ಎರಡು ವಾರ ಕಳೆದು ಅಕ್ಟೋಬರ್ 30ರಂದು ಕಂಪನಿಯೇ ಸೋತು ಬೀಗ ತೆಗೆಯಿತು. ಹಟ ಹಿಡಿಯುವಷ್ಟು ಬಲವಿದ್ದ ಸಂಸ್ಥೆಗೆ ಸಾಧ್ಯವಾದದ್ದು ಒಬ್ಬಂಟಿ ಬಳಕೆದಾರನಿಗೆ ಸಾಧ್ಯವಾಗುತ್ತಿತ್ತೆಂದು ನಂಬಲು ಆಧಾರವಿಲ್ಲ.

ಭಾರತದಲ್ಲಿ ಈ ಚರಿತ್ರೆಗೆ ಇನ್ನೊಂದು ಮಗ್ಗುಲಿದೆ: ಇಲ್ಲಿ ಜನರ ವಿವರಗಳನ್ನು ಬಯಲಿಗಿಟ್ಟವರಲ್ಲಿ ಸರ್ಕಾರಿ ಸಂಸ್ಥೆಗಳೂ ಹಿಂದೆ ಬಿದ್ದಿಲ್ಲ. 2015ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಅಂತರ್ಜಾಲದ ಸಮಾನತೆಯ ಕುರಿತು ಅಭಿಪ್ರಾಯ ಬರೆದ ಸುಮಾರು ಹತ್ತು ಲಕ್ಷ ನಾಗರಿಕರ ಪತ್ರಗಳನ್ನು ಅವರ ಇ-ಮೇಲ್ ವಿಳಾಸಗಳ ಸಮೇತ ತನ್ನ ಜಾಲತಾಣಕ್ಕೆ ಏರಿಸಿತು. ಅದೇ ಪ್ರಾಧಿಕಾರದ ಅಧ್ಯಕ್ಷರಾಗಿದ್ದ ಆರ್. ಎಸ್. ಶರ್ಮಾ 2018ರ ಜುಲೈನಲ್ಲಿ ತಮ್ಮ ಆಧಾರ್ ಸಂಖ್ಯೆಯನ್ನು ಟ್ವಿಟರಿನಲ್ಲಿ ತಾವೇ ಪ್ರಕಟಿಸಿ, ಇದರಿಂದ ನನಗೇನು ಹಾನಿ ಮಾಡಬಲ್ಲಿರಿ ಎಂದು ಸವಾಲು ಹಾಕಿದಾಗ, ಜನ ಕೆಲವೇ ಗಂಟೆಗಳಲ್ಲಿ ಅವರ ಮೊಬೈಲ್ ಸಂಖ್ಯೆ, ಜನ್ಮದಿನಾಂಕ, ವಿಳಾಸಗಳನ್ನು ಹುಡುಕಿ ಮುಂದಿಟ್ಟರು. ಅವೆಲ್ಲ ಮೊದಲೇ ಸಾರ್ವಜನಿಕವಾಗಿದ್ದವು ಎಂದು ಆಧಾರ್ ಪ್ರಾಧಿಕಾರ ಸಮಜಾಯಿಷಿ ಕೊಟ್ಟು, ಇಂಥ ಸವಾಲುಗಳನ್ನು ಹಾಕಬೇಡಿ ಎಂದು ಜನರನ್ನು ಎಚ್ಚರಿಸಿತು. 2020ರ ಮಾರ್ಚ್ ತಿಂಗಳೊಂದರಲ್ಲೇ ಎರಡು ಘಟನೆಗಳು ನಡೆದವು. ಪೌರತ್ವ ಕಾಯಿದೆಯ ವಿರುದ್ಧದ ಪ್ರತಿಭಟನೆಯಲ್ಲಿ ಆಸ್ತಿ ಹಾನಿ ಮಾಡಿದ ಆರೋಪ ಹೊತ್ತವರ ಹೆಸರು, ಭಾವಚಿತ್ರ, ವಿಳಾಸಗಳುಳ್ಳ ಫಲಕಗಳನ್ನು ಉತ್ತರ ಪ್ರದೇಶದ ಆಡಳಿತ ಲಖನೌದ ರಸ್ತೆಗಳಲ್ಲಿ ನಿಲ್ಲಿಸಿತು; ಅಲಹಾಬಾದ್ ಹೈಕೋರ್ಟ್ ಮಾರ್ಚ್ 9ರಂದು ಇದನ್ನು ಖಾಸಗಿತನದ ಮೇಲಿನ ಅತಿಕ್ರಮಣವೆಂದು ಕರೆದು ಫಲಕಗಳನ್ನು ತೆಗೆಸಲು ಆದೇಶಿಸಿತು. ತಿಂಗಳ ಕೊನೆಯ ಭಾಗದಲ್ಲಿ ಕರ್ನಾಟಕ ಸರ್ಕಾರ, ವಿದೇಶದಿಂದ ಮರಳಿ ಕೋವಿಡ್ ಕ್ವಾರಂಟೈನಿನಲ್ಲಿ ಮನೆಯಲ್ಲೇ ಇದ್ದ ಸಾವಿರಾರು ಜನರ ಮನೆವಿಳಾಸಗಳನ್ನು ಜಿಲ್ಲಾವಾರು ಪಟ್ಟಿಯಾಗಿ ಪ್ರಕಟಿಸಿತು. ಪಟ್ಟಿಯಲ್ಲಿ ಹೆಸರುಗಳಿರಲಿಲ್ಲ, ಆದರೆ ಮನೆಯ ಸಂಖ್ಯೆ, ಅಡ್ಡರಸ್ತೆ, ಬಡಾವಣೆ ಕಾಣುತ್ತಿರುವಾಗ ನೆರೆಹೊರೆಯವರಿಗೆ ಹೆಸರಿನ ಅಗತ್ಯವೇನಿದೆ? ಆ ಪಟ್ಟಿ ಗಳಿಗೆಯಲ್ಲಿ ವಾಟ್ಸ್ಆ್ಯಪ್ ಗುಂಪುಗಳಿಗೆ ಹರಿಯಿತು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಎಂಬುದನ್ನು ಇಲ್ಲಿ ನೆನೆಯದಿರುವುದು ಕಷ್ಟ.

ಟ್ವಿಟರಿನ ನಿಯಮವೂ ಭಾರತದ ಕಾನೂನೂ ಮುಖಾಮುಖಿಯಾದದ್ದು 2021ರ ಆಗಸ್ಟಿನಲ್ಲಿ. ದೆಹಲಿಯ ದಂಡುಪ್ರದೇಶದ ಬಳಿ ಒಂಬತ್ತು ವರ್ಷದ ದಲಿತ ಬಾಲಕಿಯ ಮೇಲೆ ಅತ್ಯಾಚಾರವಾಗಿ ಕೊಲೆಯಾಯಿತೆಂಬ ಆರೋಪ ದೇಶವನ್ನು ಕಲಕಿತು. ಕುಟುಂಬವನ್ನು ಭೇಟಿ ಮಾಡಿದ ಕಾಂಗ್ರೆಸ್ ನಾಯಕ ರಾಹುಲ್ ಗಾಂಧಿ ಮಗುವಿನ ತಂದೆತಾಯಿಯರ ಜೊತೆಗಿದ್ದ ಚಿತ್ರವನ್ನು ಟ್ವಿಟರಿನಲ್ಲಿ ಹಾಕಿದರು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಆಕ್ಷೇಪಿಸಿತು, ಟ್ವೀಟ್ ಮರೆಯಾಯಿತು, ಅವರ ಖಾತೆಗೆ ಬೀಗ ಬಿತ್ತು. ಅದೇ ಚಿತ್ರವನ್ನು ಹಂಚಿಕೊಂಡ ಪಕ್ಷದ ಅಧಿಕೃತ ಖಾತೆಗೂ ಹಲವು ನಾಯಕರ ಖಾತೆಗಳಿಗೂ ಇದೇ ಗತಿಯಾಯಿತು. ಟ್ವಿಟರ್ ಕೊಟ್ಟ ಕಾರಣ ಖಾಸಗಿ ಮಾಹಿತಿಯ ನಿಯಮ. ಕುಟುಂಬದ ಒಪ್ಪಿಗೆ ಪತ್ರವನ್ನು ಸಲ್ಲಿಸಿದ ಮೇಲೆ ಆಗಸ್ಟ್ 14ರಂದು ಖಾತೆಗಳು ತೆರೆದವು, ಆ ಟ್ವೀಟನ್ನು ಮಾತ್ರ ಭಾರತದೊಳಗೆ ಕಾಣದಂತೆ ತಡೆಹಿಡಿಯಲಾಯಿತು.

ಈ ಕೊನೆಯ ಏರ್ಪಾಡಿನಲ್ಲಿ ಎರಡು ನ್ಯಾಯದೃಷ್ಟಿಗಳ ನಡುವಿನ ಅಂತರ ಸ್ಪಷ್ಟವಾಗಿ ಕಾಣುತ್ತದೆ. ಟ್ವಿಟರಿನ ನಿಯಮಕ್ಕೆ ಒಪ್ಪಿಗೆಯೇ ಕೀಲಿಕೈ; ಸಂಬಂಧಪಟ್ಟವರು ಒಪ್ಪಿದರೆ ಉಲ್ಲಂಘನೆ ಉಳಿಯುವುದಿಲ್ಲ. ಭಾರತದ ಕಾನೂನು ಇದಕ್ಕೂ ಹಿಂದಿನದು, ಇದಕ್ಕಿಂತ ಬಿಗಿಯಾದದ್ದು. ಅತ್ಯಾಚಾರ ಸಂತ್ರಸ್ತೆಯ ಗುರುತನ್ನು ಬಹಿರಂಗಪಡಿಸುವುದನ್ನು ಅಪರಾಧವಾಗಿಸಿದ 228ಎ ಕಲಮು 1983ರಲ್ಲೇ ದಂಡಸಂಹಿತೆಗೆ ಸೇರಿತು, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಾಗಿದೆ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯಿದೆ ಹೆಸರನ್ನಷ್ಟೇ ಅಲ್ಲದೆ ಕುಟುಂಬ, ನೆರೆಹೊರೆ, ಶಾಲೆಗಳ ವಿವರವನ್ನೂ ನಿಷೇಧಿಸುತ್ತದೆ. ಸಂತ್ರಸ್ತೆ ಮೃತಳಾಗಿದ್ದರೆ ಬಂಧುಗಳ ಒಪ್ಪಿಗೆಯೊಂದೇ ಸಾಲದು, ಗುರುತು ಪ್ರಕಟಿಸಲು ತಕ್ಕ ಕಾರಣವಿದೆಯೇ ಎಂಬುದನ್ನು ಸೆಷನ್ಸ್ ನ್ಯಾಯಾಧೀಶರು ತೀರ್ಮಾನಿಸಬೇಕು ಎಂದು ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಡಿಸೆಂಬರಿನಲ್ಲಿ ಹೇಳಿತ್ತು. ಖಾತೆಗಳು ತೆರೆದದ್ದು ಕಂಪನಿಯ ನ್ಯಾಯಕ್ಕೆ, ಟ್ವೀಟ್ ಮುಚ್ಚಿದ್ದು ಈ ನೆಲದ ನ್ಯಾಯಕ್ಕೆ. ರಾಜಕೀಯದ ಗದ್ದಲದಲ್ಲಿ ಈ ಸೂಕ್ಷ್ಮ ಹೆಚ್ಚು ಚರ್ಚೆಗೆ ಬರಲಿಲ್ಲ.

ಅದೇ ವರ್ಷದ ನವೆಂಬರ್ 29ರಂದು ಪರಾಗ್ ಅಗ್ರವಾಲ್ ಮುಖ್ಯ ಕಾರ್ಯನಿರ್ವಾಹಕರಾದರು. ಮರುದಿನವೇ ನಿಯಮ ಇನ್ನೊಂದು ಹೆಜ್ಜೆ ಮುಂದಿಟ್ಟು, ಸಾರ್ವಜನಿಕ ವ್ಯಕ್ತಿಗಳಲ್ಲದವರ ಛಾಯಾಚಿತ್ರ, ವಿಡಿಯೊಗಳನ್ನೂ ಅವರ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ ಎಂದು ಸಾರಿತು. ಸುದ್ದಿಮೌಲ್ಯವಿರುವ ಚಿತ್ರಗಳಿಗೆ ವಿನಾಯಿತಿ ಇತ್ತಾದರೂ ಅದನ್ನು ನಿರ್ಣಯಿಸುವವರು ದೂರುಗಳ ರಾಶಿಯ ಮುಂದೆ ಕುಳಿತ ಸಿಬ್ಬಂದಿ. ಬಲಪಂಥೀಯ ತೀವ್ರವಾದಿ ಗುಂಪುಗಳು ಈ ಅವಕಾಶವನ್ನು ಬಿಡಲಿಲ್ಲ. ತಮ್ಮ ಮೆರವಣಿಗೆಗಳ ಚಿತ್ರ ತೆಗೆದು ತಮ್ಮವರನ್ನು ಗುರುತಿಸುತ್ತಿದ್ದ ಪತ್ರಕರ್ತರ, ಸಂಶೋಧಕರ ಖಾತೆಗಳ ಮೇಲೆ ಒಟ್ಟಾಗಿ ದೂರುಗಳನ್ನು ಸುರಿದವು. ಹಲವು ಖಾತೆಗಳು ಅಮಾನತಾದವು, ತಪ್ಪಾಗಿದೆ ಎಂದು ಕಂಪನಿ ಒಂದು ವಾರದೊಳಗೆ ಒಪ್ಪಿಕೊಂಡಿತು. ದುರ್ಬಲರಿಗಾಗಿ ಬರೆದ ನಿಯಮ ಅವರ ಮೇಲೆ ದಾಳಿ ಮಾಡುವವರ ಕೈಯಲ್ಲಿ ಇಷ್ಟು ಸಲೀಸಾಗಿ ಆಯುಧವಾದದ್ದು ಈ ಚರಿತ್ರೆಯ ಕಹಿಯಾದ ಅಧ್ಯಾಯಗಳಲ್ಲೊಂದು.

2022ರ ಅಕ್ಟೋಬರ್ 27ರಂದು 4,400 ಕೋಟಿ ಡಾಲರಿಗೆ ಇಲಾನ್ ಮಸ್ಕ್ ಟ್ವಿಟರನ್ನು ಕೊಂಡರು. ಮುಂದಿನ ಘಟನೆಯನ್ನು ಅರಿಯಲು ವಿಮಾನಗಳ ಒಂದು ತಾಂತ್ರಿಕ ವ್ಯವಸ್ಥೆಯ ಪರಿಚಯ ಅಗತ್ಯ. ಇಂದಿನ ಬಹುತೇಕ ವಿಮಾನಗಳು ಎಡಿಎಸ್-ಬಿ ಎಂಬ ಉಪಕರಣದ ಮೂಲಕ ತಮ್ಮ ಗುರುತು, ಸ್ಥಾನ, ಎತ್ತರ, ವೇಗಗಳನ್ನು ರೇಡಿಯೊ ಸಂಕೇತವಾಗಿ ಸತತವಾಗಿ ಬಿತ್ತರಿಸುತ್ತ ಹಾರುತ್ತವೆ. ಡಿಕ್ಕಿ ತಪ್ಪಿಸುವುದಕ್ಕಾಗಿ ರೂಪಿಸಿದ ಈ ಸಂಕೇತಕ್ಕೆ ಗುಟ್ಟಿನ ಲಿಪಿಯಿಲ್ಲ, ಅಗ್ಗದ ರಿಸೀವರ್ ಒಂದನ್ನು ಮಹಡಿಯ ಮೇಲಿಟ್ಟ ಯಾವ ಹವ್ಯಾಸಿಯಾದರೂ ಅದನ್ನು ಹಿಡಿಯಬಹುದು, ಲೋಕದಾದ್ಯಂತ ಹಾಗೆ ಹಿಡಿದದ್ದನ್ನು ಒಟ್ಟುಗೂಡಿಸುವ ತಾಣಗಳೂ ಇವೆ. ಫ್ಲಾರಿಡಾದ ಕಾಲೇಜು ವಿದ್ಯಾರ್ಥಿ ಜ್ಯಾಕ್ ಸ್ವೀನಿ ಈ ಮಾಹಿತಿಯನ್ನು ಬಳಸಿ ಮಸ್ಕ್ ಅವರ ಖಾಸಗಿ ವಿಮಾನ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ತಿಳಿಸುವ ಸ್ವಯಂಚಾಲಿತ ಖಾತೆಯೊಂದನ್ನು ನಡೆಸುತ್ತಿದ್ದ. ಖಾತೆಯನ್ನು ಮುಚ್ಚಲು ಮಸ್ಕ್ ಹಿಂದೆ 5,000 ಡಾಲರ್ ಕೊಡಲು ಮುಂದಾಗಿದ್ದರು, ಹುಡುಗ 50,000 ಕೇಳಿದ್ದ, ವ್ಯವಹಾರ ಕುದುರಿರಲಿಲ್ಲ.

ತಮ್ಮ ವಿಮಾನದ ಬೆನ್ನುಹತ್ತಿದ ಆ ಖಾತೆಯನ್ನೂ ತಾವು ನಿಷೇಧಿಸುವುದಿಲ್ಲ, ವಾಕ್‌ಸ್ವಾತಂತ್ರ್ಯದಲ್ಲಿ ತಮ್ಮ ನಿಷ್ಠೆ ಅಷ್ಟು ದೊಡ್ಡದು ಎಂದು ನವೆಂಬರ್ 6ರಂದು ಹೊಸ ಒಡೆಯ ಸಾರಿದರು. ಐದು ವಾರಗಳ ಬಳಿಕ, ಡಿಸೆಂಬರ್ 14ರಂದು, ಆ ಖಾತೆ ಅಮಾನತಾಯಿತು. ತಮ್ಮ ಮಗುವಿದ್ದ ಕಾರನ್ನು ಲಾಸ್ ಏಂಜಲಿಸ್‌ನಲ್ಲಿ ಯಾರೋ ಹಿಂಬಾಲಿಸಿದರೆಂದು ಮಸ್ಕ್ ಕಾರಣ ಕೊಟ್ಟರು. ಆ ಘಟನೆಗೂ ವಿಮಾನದ ಮಾಹಿತಿಗೂ ನಂಟಿತ್ತೆಂದು ಪೊಲೀಸರು ಹೇಳಲಿಲ್ಲ. ಯಾವುದೇ ವ್ಯಕ್ತಿ ಈ ಹೊತ್ತು ಎಲ್ಲಿದ್ದಾನೆಂಬುದನ್ನು ತಿಳಿಸುವ ಮಾಹಿತಿ ನಿಷಿದ್ಧ ಎಂಬ ಹೊಸ ವಾಕ್ಯ ಅದೇ ದಿನ ನಿಯಮಕ್ಕೆ ಸೇರಿತು. ಮರುದಿನ ರಾತ್ರಿ, ಈ ಪ್ರಕರಣವನ್ನು ವರದಿ ಮಾಡಿದ್ದ ‘ನ್ಯೂಯಾರ್ಕ್ ಟೈಮ್ಸ್’ನ ರಯಾನ್ ಮ್ಯಾಕ್, ‘ವಾಷಿಂಗ್ಟನ್ ಪೋಸ್ಟ್’ನ ಡ್ರೂ ಹಾರ್ವೆಲ್, ಸಿಎನ್‌ಎನ್‌ನ ಡೋನಿ ಓ’ಸಲಿವನ್ ಮೊದಲಾದ ಪತ್ರಕರ್ತರ ಖಾತೆಗಳು ಮುನ್ಸೂಚನೆಯಿಲ್ಲದೆ ಅಮಾನತಾದವು. ಯುರೋಪ್ ಒಕ್ಕೂಟದ ಅಧಿಕಾರಿಗಳು ಎಚ್ಚರಿಸಿದರು, ವಿಶ್ವಸಂಸ್ಥೆ ಕಳವಳ ವ್ಯಕ್ತಪಡಿಸಿತು. ಮಸ್ಕ್ ತಮ್ಮ ಹಿಂಬಾಲಕರ ನಡುವೆ ಮತದಾನ ನಡೆಸಿದರು. ಖಾತೆಗಳನ್ನು ಕೂಡಲೇ ಹಿಂತಿರುಗಿಸಬೇಕೆಂದು ಶೇಕಡಾ 58.7 ಜನ ಹೇಳಿದ ಮೇಲೆ ಹಲವು ಖಾತೆಗಳು ಮರಳಿದವು. ಸ್ವೀನಿ ಬಳಿಕ ಅದೇ ಮಾಹಿತಿಯನ್ನು 24 ಗಂಟೆ ತಡಮಾಡಿ ಪ್ರಕಟಿಸತೊಡಗಿದ.

ಸದ್ಯದ ಇರುನೆಲೆಯನ್ನು ಮರೆಮಾಚುವ ನಿಯಮದಲ್ಲಿ ತನ್ನಷ್ಟಕ್ಕೆ ತಪ್ಪಿಲ್ಲ. ಗಂಡನಿಂದ ತಪ್ಪಿಸಿಕೊಂಡು ಬದುಕುತ್ತಿರುವ ಹೆಂಗಸಿಗೆ ಅದು ಜೀವರಕ್ಷಣೆಯೇ ಸರಿ. ಆದರೆ ಅಂಥ ಹೆಂಗಸರಿಗಾಗಿ ಹದಿಮೂರು ವರ್ಷ ಬರೆಯದ ವಾಕ್ಯವನ್ನು ಒಡೆಯನಿಗಾಗಿ ಒಂದೇ ದಿನದಲ್ಲಿ ಬರೆಯಲಾಯಿತು. ಅದರ ಮೊದಲ ಪೆಟ್ಟು ಬಿದ್ದದ್ದು ಆ ಸುದ್ದಿಯನ್ನು ಬರೆದವರ ಮೇಲೆ. 2012ರಲ್ಲಿ ಪಾಲುದಾರನಿಗೆ ದೊರೆತ ಸೇವೆ 2022ರಲ್ಲಿ ಮಾಲೀಕನಿಗೆ ದೊರೆಯಿತು.

2024ರಲ್ಲಿ ನಿಯಮ ಇನ್ನಷ್ಟು ಹಿಗ್ಗಿತು. ಗುಪ್ತನಾಮದ ಬಲಪಂಥೀಯ ವ್ಯಂಗ್ಯಚಿತ್ರಕಾರನೊಬ್ಬನ ನಿಜ ಹೆಸರನ್ನು ಬರೆದವರ ಖಾತೆಗಳು ಮಾರ್ಚಿನಲ್ಲಿ ಅಮಾನತಾಗಿ, ಅನಾಮಧೇಯ ಬಳಕೆದಾರನ ಗುರುತನ್ನು ಹೇಳುವುದೂ ಉಲ್ಲಂಘನೆಯೆಂಬ ಮಾತು ನಿಯಮಕ್ಕೆ ಸೇರಿತು. ಸೆಪ್ಟೆಂಬರಿನಲ್ಲಿ ಉಪಾಧ್ಯಕ್ಷ ಅಭ್ಯರ್ಥಿ ಜೆ. ಡಿ. ವ್ಯಾನ್ಸ್ ಕುರಿತ ಕಡತವನ್ನು ಪ್ರಕಟಿಸಿದ ಪತ್ರಕರ್ತ ಕೆನ್ ಕ್ಲಿಪ್ಪೆನ್‌ಸ್ಟೀನ್ ಅವರ ಖಾತೆ ಅಮಾನತಾಯಿತು. ಕಡತದಲ್ಲಿ ಅಭ್ಯರ್ಥಿಯ ವಿಳಾಸಗಳು ಇದ್ದದ್ದು ನಿಜ. ಆದರೆ ನಾಲ್ಕು ವರ್ಷಗಳ ಹಿಂದೆ ‘ನ್ಯೂಯಾರ್ಕ್ ಪೋಸ್ಟ್’ ಖಾತೆಗೆ ಬೀಗ ಹಾಕಿದ್ದನ್ನು ಕಟುವಾಗಿ ಖಂಡಿಸಿದ್ದ ಮಸ್ಕ್ ಅವರೇ ಈ ಸಲ ಕ್ರಮವನ್ನು ಸಮರ್ಥಿಸಿದರು.

ಕೆಲವು ದೇಶಗಳು ಈ ಹೊತ್ತಿಗೆ ವಿಷಯವನ್ನು ಕಂಪನಿಗಳ ಕೈಯಿಂದ ಭಾಗಶಃ ತೆಗೆದುಕೊಂಡಿದ್ದವು. 2019ರ ಚಳವಳಿಯಲ್ಲಿ ಪೊಲೀಸರ ಮತ್ತು ಪ್ರತಿಭಟನಾಕಾರರ ವಿವರಗಳು ಪರಸ್ಪರ ಬಯಲಾದ ಹಾಂಗ್‌ಕಾಂಗ್ 2021ರ ಅಕ್ಟೋಬರಿನಲ್ಲಿ ಡಾಕ್ಸಿಂಗನ್ನು ಐದು ವರ್ಷದವರೆಗೆ ಸೆರೆವಾಸದ ಅಪರಾಧವಾಗಿಸಿತು. ನೆದರ್ಲೆಂಡ್ಸ್ 2024ರ ಆರಂಭದಿಂದ, ಆಸ್ಟ್ರೇಲಿಯಾ ಅದೇ ವರ್ಷದ ಕೊನೆಯಲ್ಲಿ ಕಾನೂನು ತಂದವು. ಭಾರತದಲ್ಲಿ ಆ ಹೆಸರಿನ ಅಪರಾಧ ಇನ್ನೂ ಇಲ್ಲ. ವಿಳಾಸ ಬಯಲಾದವರು ಬೆನ್ನಟ್ಟಿ ಕಾಡುವುದು, ಬೆದರಿಕೆ ಮೊದಲಾದ ಕಲಮುಗಳಡಿ ಠಾಣೆಗೆ ಹೋಗಬೇಕು. ಖಾತೆ ಕಳೆದುಕೊಂಡವರ ಪರಿಸ್ಥಿತಿ ತುಸು ಮೇಲು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ 50 ಲಕ್ಷಕ್ಕೂ ಹೆಚ್ಚು ನೋಂದಾಯಿತ ಬಳಕೆದಾರರುಳ್ಳ ತಾಣ ತಾನಾಗಿ ವಿಷಯವನ್ನು ತೆಗೆಯುವಾಗ ಕಾರಣ ತಿಳಿಸಿ, ಪ್ರಶ್ನಿಸಲು ಅವಕಾಶ ಕೊಡಬೇಕು. 2022ರ ತಿದ್ದುಪಡಿಯಿಂದ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ 30 ದಿನಗಳೊಳಗೆ ದೂರು ಒಯ್ಯಬಹುದು. ಆದರೆ ಆ ಸಮಿತಿಯನ್ನು ನೇಮಿಸುವ ಸರ್ಕಾರವೇ ಖಾತೆಗಳನ್ನು ತಡೆಹಿಡಿಯಲು ಆದೇಶಿಸುವ ಸರ್ಕಾರವೂ ಹೌದು. ಸರ್ಕಾರದ ಅಂಥ ಆದೇಶಗಳನ್ನು ಪ್ರಶ್ನಿಸಿದ ಟ್ವಿಟರಿನ ಅರ್ಜಿಯನ್ನು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ 2023ರ ಜೂನ್ 30ರಂದು 50 ಲಕ್ಷ ರೂಪಾಯಿ ದಂಡದೊಂದಿಗೆ ವಜಾ ಮಾಡಿದರು; ವಿಷಯ ತೆಗೆಯುವ ಸೂಚನೆಗಳನ್ನು ತಾಣಗಳಿಗೆ ಕಳುಹಿಸಲು ಸರ್ಕಾರ ಬಳಸುವ ‘ಸಹಯೋಗ’ ಪೋರ್ಟಲ್ ವಿರುದ್ಧದ ಎಕ್ಸ್ ಅರ್ಜಿಯನ್ನು ಅದೇ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ 2025ರ ಸೆಪ್ಟೆಂಬರ್ 24ರಂದು ತಿರಸ್ಕರಿಸಿದರು. ಕಂಪನಿ ಸರ್ಕಾರದ ವಿರುದ್ಧ ಬೆಂಗಳೂರಿನಲ್ಲಿ ವ್ಯಾಜ್ಯ ಹೂಡಬಲ್ಲದು. ಕಂಪನಿಯ ವಿರುದ್ಧ ಬಳಕೆದಾರ ಹೂಡುವ ವ್ಯಾಜ್ಯ ಮಾತ್ರ, 2024ರ ನವೆಂಬರ್ 15ರಂದು ಜಾರಿಗೆ ಬಂದ ಎಕ್ಸ್ ಸೇವಾ ಒಪ್ಪಂದದ ಪ್ರಕಾರ, ಟೆಕ್ಸಸ್ ಉತ್ತರ ಜಿಲ್ಲೆಯ ಫೆಡರಲ್ ನ್ಯಾಯಾಲಯದಲ್ಲಿ ಅಥವಾ ಆ ರಾಜ್ಯದ ಟ್ಯಾರಂಟ್ ಕೌಂಟಿಯ ನ್ಯಾಯಾಲಯಗಳಲ್ಲಿ ನಡೆಯಬೇಕು.